ಹಿಪ್ಪಲಿಯ ಹೆಸರು ಹೊತ್ತ ಮೆಣಸು

ನಮ್ಮದು ಗ್ರಂಧಿಗೆ ಅಂಗಡಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಪ್ಪಯ್ಯ ಹಾಕಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಗಲ್ಲಾಪೆಟ್ಟಿಗೆಯ ಹಿಂದಿನ ಹಲಗೆಯ ಮೇಲೆ ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಮೂರೂ ಅಕ್ಕಪಕ್ಕ ಇವೆ. ಮೂರನ್ನೂ ಸಮತೂಕ ಹಾಕಿ ಕುಟ್ಟಿದರೆ ತ್ರಿಕಟು ಚೂರ್ಣ. ಕೆಮ್ಮಿಗೆ, ಕಫಕ್ಕೆ, ಬಾಣಂತಿ ಮದ್ದಿಗೆ ಜನ ಕೇಳಿಕೊಂಡು ಬರುವುದರಿಂದ ಆ ಮೂರು ಡಬ್ಬಿ ಯಾವಾಗಲೂ ಕೈಗೆ ಸಿಗುವ ಹಾಗಿರಬೇಕು ಎಂಬುದು ಅಪ್ಪಯ್ಯನ ಕಟ್ಟಪ್ಪಣೆಯಾಗಿತ್ತು.

ಇಂಗ್ಲಿಷಿನವರು ಪೆಪ್ಪರ್ ಎನ್ನುವುದು ನಡುವಿನ ಡಬ್ಬಿಯಲ್ಲಿರುವ ಮೆಣಸಿಗೆ. ಆದರೆ ಆ ಹೆಸರು ಹುಟ್ಟಿದ್ದು ಪಕ್ಕದ ಹಿಪ್ಪಲಿಗೆ. ಪೆಪ್ಪರ್ ಎಂಬ ಪದವನ್ನು ಹಿಡಿದು ಹಿಂದೆ ಹಿಂದೆ ಹೋದರೆ ಲ್ಯಾಟಿನ್ನಿನ ಪಿಪೆರ್ ಸಿಗುತ್ತದೆ, ಅದರಾಚೆ ಗ್ರೀಕಿನ ಪೆಪೆರಿ, ಅದರಾಚೆ ಪರ್ಶಿಯಾ, ಕೊನೆಗೆ ಸಂಸ್ಕೃತದ ಪಿಪ್ಪಲೀ. ಸರಕು ಅದಲುಬದಲಾಯಿತು, ಹೆಸರು ಮಾತ್ರ ಉಳಿಯಿತು. ಅದು ಹೇಗಾಯಿತೆಂಬುದು ನನ್ನಂಥ ವ್ಯಾಪಾರದವಳಿಗೆ ಬಹಳ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಅದನ್ನು ಮಾಡಿದವರು ಪಂಡಿತರಲ್ಲ, ವ್ಯಾಪಾರಿಗಳು ಮತ್ತು ತಿನ್ನುವವರು.

ಈಗಿನ ಮಕ್ಕಳು ಹಿಪ್ಪಲಿ ಕಂಡವರೇ ಅಲ್ಲ, ಆದ್ದರಿಂದ ಮೊದಲು ಅದನ್ನೇ ನೋಡೋಣ. ಒಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಒಂದಂಗುಲದ ಆಸುಪಾಸಿನ ಉದ್ದ, ಮಾಸಲು ಕಪ್ಪು ಬಣ್ಣ, ಮೈತುಂಬ ಸಾಸಿವೆಗಿಂತ ಸಣ್ಣ ಉಬ್ಬುಗಳು. ಒಂದೊಂದು ಉಬ್ಬೂ ಒಂದೊಂದು ಹಣ್ಣು. ಅವೆಲ್ಲ ಒಂದೇ ದಿಂಡಿಗೆ ಒತ್ತೊತ್ತಾಗಿ ಅಂಟಿಕೊಂಡು ತೆನೆಯಾಗಿವೆ. ಮುರಿದರೆ ನಡುವೆ ತೆಳ್ಳನೆಯ ದಿಂಡು, ಸುತ್ತ ಚುಕ್ಕಿಗಳ ಬಳೆ. ಜಗಿದರೆ ಮೊದಲು ತುಸು ಸಿಹಿ ಸುಳಿಯುತ್ತದೆ, ಆಮೇಲೆ ಖಾರ ನಿಧಾನಕ್ಕೆ ಏರಿ ನಾಲಗೆ ಜುಮ್ಮೆನ್ನುತ್ತದೆ, ಬಾಯಿತುಂಬ ನೀರೂರುತ್ತದೆ. ಮೆಣಸು ಬಾಯಿಗೆ ಬಿದ್ದ ಕೂಡಲೇ ಚುರುಕ್ಕೆಂದು ಬೇಗ ಇಳಿಯುತ್ತದೆ. ಹಿಪ್ಪಲಿಯದು ಬಂದು ಕೂತು ಹೋಗುವ ಖಾರ.

ಋಗ್ವೇದದಲ್ಲಿ ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳ ಮಾತು ಬರುತ್ತದಲ್ಲ, ಅಲ್ಲಿ ಒಂದು ಹಕ್ಕಿ ತಿನ್ನುವ ಸಿಹಿಹಣ್ಣಿನ ಹೆಸರು ಪಿಪ್ಪಲ. ಅಶ್ವತ್ಥದ ಸಣ್ಣ ಹಣ್ಣಿಗೂ ಅದೇ ಹೆಸರು. ಸಣ್ಣಸಣ್ಣ ಹಣ್ಣು ಕೂಡಿ ಆದ ತೆನೆ ಪಿಪ್ಪಲೀ ಆಯಿತು. ಅಥರ್ವವೇದದಲ್ಲಿ ಗಾಯ ವಾಸಿ ಮಾಡುವ ಮದ್ದೆಂದು ಪಿಪ್ಪಲಿಯನ್ನೇ ಉದ್ದೇಶಿಸಿ ಹೇಳಿದ ಒಂದು ಸೂಕ್ತವಿದೆ. ಚರಕನ ಹೊತ್ತಿಗಂತೂ ದಿನದಿನಕ್ಕೆ ಪ್ರಮಾಣ ಏರಿಸುತ್ತ, ಮತ್ತೆ ಇಳಿಸುತ್ತ ಕೊಡುವ ವರ್ಧಮಾನ ಪಿಪ್ಪಲಿಯ ಕ್ರಮವೇ ಬಂದಿದೆ. ಮೆಣಸಿಗೆ ಸಂಸ್ಕೃತದಲ್ಲಿ ಮರೀಚ ಎಂಬ ಬೇರೆಯದೇ ಹೆಸರಿತ್ತು. ತಮಿಳಿನಲ್ಲಿ ಮಿಳಗು, ನಮ್ಮಲ್ಲಿ ಮೆಣಸು. ಇಲ್ಲಿಯವರು ಯಾರೂ ಅವೆರಡನ್ನು ಬೆರೆಸಿ ಮಾತಾಡಲಿಲ್ಲ.

ಪಿಪ್ಪಲೀ ಪಶ್ಚಿಮಕ್ಕೆ ಹೊರಟದ್ದು ನೆಲದ ದಾರಿಯಲ್ಲಿ. ಆಗ ಗಾಂಧಾರವೂ ಸಿಂಧೂ ದಂಡೆಯೂ ಪರ್ಶಿಯಾದ ಅರಸರ ಕೈಯಲ್ಲಿದ್ದವು. ಹಳೆಯ ಪರ್ಶಿಯನ್ ಮಾತಿನಲ್ಲಿ ಲಕಾರ ಇಲ್ಲವೆನ್ನುವಷ್ಟು ಅಪರೂಪ. ಲ ಇದ್ದಲ್ಲಿ ರ ನುಡಿಯುವವರ ಬಾಯಿಗೆ ಬಿದ್ದು ಪಿಪ್ಪಲಿಯ ಲಿ ರಿ ಆಯಿತು. ಗ್ರೀಕರ ಕಿವಿಗೆ ಬಿದ್ದದ್ದು ಈ ರಿ ಇದ್ದ ರೂಪವೇ, ಅದರಿಂದಲೇ ಪೆಪೆರಿ. ಗ್ರೀಕ್ ವೈದ್ಯ ಹಿಪೊಕ್ರಾಟಿಸನ ಹೆಸರಿನಲ್ಲಿರುವ ಸ್ತ್ರೀರೋಗ ಗ್ರಂಥದಲ್ಲಿ ಇದನ್ನು ಭಾರತದ ಮದ್ದೆಂದೂ, ಪರ್ಶಿಯನ್ನರು ಹೀಗೆ ಕರೆಯುತ್ತಾರೆಂದೂ ಬರೆದಿದೆ. ನಮ್ಮ ಕನ್ನಡದಲ್ಲಿ ಅದೇ ಪದಕ್ಕೆ ಇನ್ನೊಂದು ಬದಲಾವಣೆ ಆಯಿತು. ಹಳಗನ್ನಡದ ಪಾಲ್ ಹಾಲಾಗಿ, ಪೂ ಹೂವಾಗಿ, ಪದದ ಮೊದಲಿನ ಪಕಾರ ಹಕಾರವಾದ ಕಾಲದಲ್ಲಿ ಪಿಪ್ಪಲಿ ಹಿಪ್ಪಲಿಯಾಯಿತು. ಲಂಡನ್ನಿನ ಪೆಪ್ಪರೂ ಶಿವಮೊಗ್ಗದ ಹಿಪ್ಪಲಿಯೂ ಒಡಹುಟ್ಟಿದವು. ಒಂದರಲ್ಲಿ ಲ ಹೋಯಿತು, ಇನ್ನೊಂದರಲ್ಲಿ ಪ ಹೋಯಿತು. ಇದು ತಿಳಿದಂದಿನಿಂದ ಆ ಡಬ್ಬಿಯ ಮುಚ್ಚಳ ತೆಗೆಯುವಾಗೆಲ್ಲ ನನಗೆ ಒಂದು ಬಗೆಯ ಹೆಮ್ಮೆ.

ಗ್ರೀಸಿನಲ್ಲಿ ಮೊದಮೊದಲು ಅದು ಬರೀ ಮದ್ದು, ಅದೂ ಅಪರೂಪದ್ದು. ಕ್ರಿ.ಪೂ. 4ನೇ ಶತಮಾನದ ಹಾಸ್ಯನಾಟಕಕಾರ ಆಂಟಿಫನೀಸನ ಒಂದು ಪಾತ್ರದ ಮಾತಿನಂತೆ, ಯಾರಾದರೂ ಪೆಪೆರಿ ಕೊಂಡು ಮನೆಗೆ ತಂದರೆ ಅವನನ್ನು ಗೂಢಚಾರನೆಂದು ಹಿಡಿದು ಹಿಂಸಿಸಬೇಕೆಂದು ಊರವರು ಗೊತ್ತುವಳಿ ತರುತ್ತಾರೆ! ಪರ್ಶಿಯಾದ ಕಡೆಯಿಂದ ಬರುವ ಸರಕು, ಕೊಂಡವನ ಮೇಲೆ ಅನುಮಾನ. ಕ್ರಿ.ಪೂ. 300ರ ಸುಮಾರಿಗೆ ಸಸ್ಯಗಳ ಬಗ್ಗೆ ಬರೆದ ಥಿಯೊಫ್ರಾಸ್ಟಸ್ ಪೆಪೆರಿಯಲ್ಲಿ ಎರಡು ಬಗೆ ಹೇಳುತ್ತಾನೆ. ಒಂದು ದುಂಡಗೆ ಕಾಳಿನ ಹಾಗೆ, ಇನ್ನೊಂದು ಉದ್ದ, ಕಪ್ಪು, ಒಳಗೆ ಗಸಗಸೆಯಂಥ ಬೀಜ. ಉದ್ದದ್ದೇ ಹೆಚ್ಚು ಖಾರ. ಗಸಗಸೆಯಂಥ ಬೀಜ ಎಂಬ ಮಾತು ಓದಿದಾಗ ಆತ ಹಿಪ್ಪಲಿಯನ್ನು ಕೈಯಲ್ಲಿ ಮುರಿದು ನೋಡಿದ್ದಾನೆಂದು ನನಗೆ ಖಾತ್ರಿಯಾಯಿತು. ಆದರೆ ಹಿಪ್ಪಲಿಯ ಹೆಸರಿನಡಿ ಮೆಣಸು ಒಳಗೆ ಬಂದು ಕೂತದ್ದನ್ನು ಮೊದಲು ಕಾಣುವುದೂ ಇಲ್ಲಿಯೇ.

ಆಮೇಲೆ ದಾರಿ ಬದಲಾಯಿತು. ರೋಮ್ ಈಜಿಪ್ಟನ್ನು ಗೆದ್ದ ಮೇಲೆ ಕೆಂಪು ಸಮುದ್ರದ ಹಡಗುಗಳು ಮುಂಗಾರಿನ ಗಾಳಿ ಹಿಡಿದು ನೇರವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರತೊಡಗಿದವು. ಮಯೋಸ್ ಹೊರ್ಮೋಸ್ ಎಂಬ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಹೊರಡುತ್ತಿದ್ದವೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಒಂದನೇ ಶತಮಾನದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯಲ್ಲಿ ಯಾವ ರೇವಿನಲ್ಲಿ ಯಾವ ಸರಕು ಎಂಬುದರ ಪಟ್ಟಿಯಿದೆ. ಹಿಪ್ಪಲಿ ಬರುಗಜ, ಅಂದರೆ ಗುಜರಾತಿನ ಭರೂಚಿನಿಂದ. ಮೆಣಸು ಕೇರಳದ ಮುಜಿರಿಸ್ ಮತ್ತು ನೆಲ್ಕಿಂಡದಿಂದ. ಅಲ್ಲಿಗೆ ಬರುವ ಹಡಗುಗಳು ದೊಡ್ಡವು, ಕಾರಣ ತುಂಬುವ ಮೆಣಸಿನ ಮೊತ್ತ ದೊಡ್ಡದು. ಒಂದೇ ಮರ ಕೊರೆದು ಮಾಡಿದ ದೋಣಿಗಳಲ್ಲಿ ಒಳನಾಡಿನಿಂದ ಮೆಣಸು ರೇವಿಗೆ ಇಳಿಯುತ್ತಿತ್ತೆಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಯವನರ, ಅಂದರೆ ಗ್ರೀಕ್ ರೋಮನ್ನರ, ಹಡಗುಗಳು ಚಿನ್ನ ತಂದು ಮೆಣಸು ಕೊಂಡೊಯ್ಯುತ್ತಿದ್ದುದನ್ನು ಸಂಗಂ ಕಾಲದ ಅಗನಾನೂರಿನ ಕವಿಯೊಬ್ಬ ಕಂಡಿದ್ದಾನೆ. ಸಂಸ್ಕೃತ ಕೋಶಗಳಲ್ಲಿ ಮೆಣಸಿಗೆ ಯವನಪ್ರಿಯ ಎಂಬ ಹೆಸರೂ ಸೇರಿತು. ಈಜಿಪ್ಟಿನ ಬೆರೆನಿಕೆ ಬಂದರಿನ ಉತ್ಖನನದಲ್ಲಿ ಒಂದು ಗುಡಿಯ ಆವರಣದಲ್ಲಿ ಭಾರತದಲ್ಲಿ ಮಾಡಿದ ಹರವಿ ಸಿಕ್ಕಿತು, ಒಳಗೆ ಏಳೂವರೆ ಕಿಲೋ ಮೆಣಸಿನ ಕಾಳು.

ಬರುವ ಮೆಣಸಿನ ಮೊತ್ತ ಹೆಚ್ಚಾದಾಗ ಬೆಲೆ ಇಳಿಯಿತು. ಪ್ಲಿನಿ ಕ್ರಿ.ಶ. 77ರ ಹೊತ್ತಿಗೆ ಬರೆದಿಟ್ಟ ದರ ನಮ್ಮಂಥ ಅಂಗಡಿಯವರಿಗೆ ಬಂಗಾರದಂಥ ದಾಖಲೆ: ರೋಮನ್ ಪೌಂಡಿಗೆ ಹಿಪ್ಪಲಿ 15 ದಿನಾರಿ, ಬಿಳಿಮೆಣಸು 7, ಕರಿಮೆಣಸು 4. ಆ ಪೌಂಡು ನಮ್ಮ ತೂಕದಲ್ಲಿ ಸುಮಾರು 327 ಗ್ರಾಂ. ಆಗ ಕಾಲಾಳು ಸೈನಿಕನ ವರ್ಷದ ಸಂಬಳ 225 ದಿನಾರಿ. ಲೆಕ್ಕ ಹಾಕಿದರೆ ಅಷ್ಟು ಕರಿಮೆಣಸಿಗೆ ಅವನ ಒಂದು ವಾರದ ಸಂಬಳ ಸಾಕು, ಅಷ್ಟೇ ಹಿಪ್ಪಲಿಗೆ ಮೂರು ವಾರ ದಾಟಬೇಕು. ಸರಕು ಎರಡು, ಖಾರ ಸರಿಸುಮಾರು ಒಂದೇ ಜಾತಿಯದು, ಬೆಲೆಯಲ್ಲಿ ಇಷ್ಟು ಅಂತರ. ಗಿರಾಕಿ ಎತ್ತ ಹೋಗುತ್ತಾನೆಂದು ಯಾವ ಅಂಗಡಿಯವರೂ ಹೇಳಬಲ್ಲರು. ಪಿಪೆರ್ ಎಂದರೆ ಕರಿಮೆಣಸು ಎಂದಾದದ್ದು ಹೀಗೆ.

ಇನ್ನೊಂದು ಕಾರಣವೂ ಇತ್ತು. ಪ್ಲಿನಿಯೂ ಅವನ ಸಮಕಾಲೀನ ವೈದ್ಯ ಡಯಾಸ್ಕೊರಿಡಿಸನೂ ಹಿಪ್ಪಲಿಯೆಂದರೆ ಮೆಣಸಿನ ಎಳೆಗಾಯಿ, ಬಲಿತರೆ ಒಡೆದು ಕಾಳು ಸಿಗುತ್ತದೆ ಎಂದೇ ನಂಬಿದ್ದರು. ಬಳ್ಳಿಯನ್ನು ಕಾಣದೆ ಸರಕನ್ನು ಮಾತ್ರ ಕಂಡವರಿಗೆ ಹಾಗನ್ನಿಸಿದ್ದು ಸಹಜ. ಎರಡೂ ಒಂದೇ ಗಿಡದ್ದೆಂದ ಮೇಲೆ ಎರಡು ಹೆಸರು ಯಾಕೆ ಬೇಕು?

ರೋಮಿನಲ್ಲಿ ಮೆಣಸಿಗೆಂದೇ ಉಗ್ರಾಣ ಎದ್ದಿತು. ಕ್ರಿ.ಶ. 92ರಲ್ಲಿ ಚಕ್ರವರ್ತಿ ಡೊಮಿಷಿಯನ್ ಪವಿತ್ರ ಬೀದಿಯ ಪಕ್ಕ ಕಟ್ಟಿಸಿದ ಹೊರ್ರೆಯಾ ಪಿಪೆರಟಾರಿಯಾ. ಈಗ ಪ್ರವಾಸಿಗರು ಕತ್ತೆತ್ತಿ ನೋಡುವ ಚಕ್ರವರ್ತಿ ಮ್ಯಾಕ್ಸೆಂಷಿಯಸ್‌ನ ಸಭಾಭವನದ ಭಾರಿ ಕಮಾನುಗಳ ಕೆಳಗೆ ಇದ್ದದ್ದು ಆ ಮೆಣಸಿನ ಮಳಿಗೆ. ಅಪಿಸಿಯಸ್‌ನ ಹೆಸರಿನ ಅಡುಗೆ ಪುಸ್ತಕದಲ್ಲಿ ಮೆಣಸಿಲ್ಲದ ಅಡುಗೆ ಹುಡುಕಬೇಕು. ಖರ್ಜೂರದ ಬೀಜ ತೆಗೆದು ಮೆಣಸಿನ ಪುಡಿ ತುಂಬಿ ಜೇನಿನಲ್ಲಿ ಹುರಿಯುವ ಸಿಹಿತಿಂಡಿಯೂ ಅದರಲ್ಲಿದೆ. ಅಲೆಕ್ಸಾಂಡ್ರಿಯಾದ ಸುಂಕದ ಪಟ್ಟಿಯೊಂದು ರೋಮನ್ ಕಾನೂನು ಸಂಗ್ರಹದಲ್ಲಿ ಉಳಿದಿದೆ. ಅದರಲ್ಲಿ ಹಿಪ್ಪಲಿ ಇದೆ, ಬಿಳಿಮೆಣಸು ಇದೆ, ಕರಿಮೆಣಸಿನ ಹೆಸರಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದ ದಾಖಲೆ ಇಂಗ್ಲೆಂಡಿನ ಉತ್ತರ ತುದಿಯದು. ಹೇಡ್ರಿಯನ್ ಗೋಡೆಯ ಹತ್ತಿರ ವಿಂಡೊಲಾಂಡ ಎಂಬ ರೋಮನ್ ಠಾಣ್ಯದ ಕೆಸರಿನಲ್ಲಿ ಶಾಯಿಯಿಂದ ಬರೆದ ತೆಳು ಮರದ ಹಲಗೆಗಳು ಸಿಕ್ಕಿವೆ. ಅದರಲ್ಲೊಂದು ಉದ್ರಿ ಲೆಕ್ಕದ ಹಲಗೆ. ತಪ್ಪೊ ಎಂಬವನ ಮಗ ಗಂಬಾಕ್ಸ್ ಮೆಣಸು ಒಯ್ದಿದ್ದಾನೆ, ಬಾಬ್ತು 2 ದಿನಾರಿ. ಇಷ್ಟೇ. ಹೆಸರು, ಸರಕು, ಮೊಬಲಗು. ನಮ್ಮ ಅಂಗಡಿಯ ಕಡತದಲ್ಲೂ ಸಾಲು ಹೀಗೆಯೇ ಇರುತ್ತದೆ. ಮಲಬಾರಿನ ಬಳ್ಳಿಯ ಕಾಳು ಎರಡು ಸಮುದ್ರ ದಾಟಿ, ಚಳಿಯಲ್ಲಿ ನಡುಗುವ ಒಬ್ಬ ಸಾಧಾರಣ ಸೈನಿಕನ ಗಂಜಿಗೆ ಬಿದ್ದಿತ್ತು, ಮತ್ತು ಅದರ ಹೆಸರು ಬ್ರಿಟನ್ನಿನ ನೆಲದಲ್ಲಿ ಬರಹಕ್ಕೆ ಇಳಿದಿತ್ತು. ಇಂಗ್ಲಿಷ್ ಎಂಬ ಭಾಷೆ ಇನ್ನೂ ಆ ದ್ವೀಪಕ್ಕೆ ಬಂದೇ ಇರಲಿಲ್ಲ.

ಕಲಬೆರಕೆಯ ಮಾತೂ ಬರಬೇಕು. ನಮ್ಮ ಕಾಲದಲ್ಲಿ ಮೆಣಸಿಗೆ ಪಪ್ಪಾಯಿ ಬೀಜ ಬೆರೆಸುತ್ತಾರೆ. ನೀರಿಗೆ ಹಾಕಿದರೆ ಬೀಜವೂ ಜೊಳ್ಳೂ ತೇಲುತ್ತವೆ, ಗಟ್ಟಿಕಾಳು ಮುಳುಗುತ್ತದೆ. ಪ್ಲಿನಿಯ ಕಾಲದಲ್ಲಿ ಮೆಣಸಿಗೆ ಜುನಿಪರ್ ಮರದ ಕಾಯಿ, ಹಿಪ್ಪಲಿಗೆ ಅಲೆಕ್ಸಾಂಡ್ರಿಯಾದ ಸಾಸಿವೆ. ಏಳನೇ ಶತಮಾನದ ಆರಂಭದಲ್ಲಿ ಸ್ಪೇನಿನ ಬಿಷಪ್ ಇಸಿಡೋರ್ ಇನ್ನೂ ಕೆಟ್ಟದ್ದನ್ನು ಬರೆದಿದ್ದಾನೆ. ಹಳೆಯ ಹಗುರ ಮೆಣಸನ್ನು ಒದ್ದೆ ಮಾಡಿ, ಬೆಳ್ಳಿಯ ಕಿಟ್ಟವನ್ನೋ ಸೀಸವನ್ನೋ ಮೆತ್ತಿ ತೂಕ ಬರಿಸುತ್ತಿದ್ದರಂತೆ. ಓದಿದಾಗ ಮೈ ಉರಿಯಿತು. ಸೀಸ ತಿಂದವನ ಗತಿ ಏನಾಗಿರಬೇಕು! ಅದೇ ಇಸಿಡೋರ್, ಮೆಣಸಿನ ಕಾಡುಗಳನ್ನು ಹಾವುಗಳು ಕಾಯುತ್ತವೆ, ಹಾವು ಓಡಿಸಲು ಬೆಂಕಿ ಹಚ್ಚುತ್ತಾರೆ, ಅದರಿಂದಲೇ ಕಾಳು ಕಪ್ಪಾಗಿ ಸುಕ್ಕುಗಟ್ಟುತ್ತದೆ ಎಂದೂ ನಂಬಿದ್ದ. ನಮ್ಮ ಮಲೆನಾಡಿನ ಯಾವ ಅಂಗಳದಲ್ಲಾದರೂ ಫೆಬ್ರವರಿಯಲ್ಲಿ ನಿಂತು ನೋಡಿದ್ದರೆ ಗೊತ್ತಾಗುತ್ತಿತ್ತು. ಹಸಿರು ಕಾಳನ್ನು ಗೆರೆಯಿಂದ ಉದುರಿಸಿ, ಬಿಸಿನೀರಿನಲ್ಲಿ ಒಂದು ಗಳಿಗೆ ಅದ್ದಿ ತೆಗೆದು ಬಿಸಿಲಿಗೆ ಹರಡಿದರೆ, ಸಿಪ್ಪೆ ತಾನಾಗಿಯೇ ಕಪ್ಪಾಗುತ್ತದೆ.

ರೋಮ್ ಮುರಿದು ಬೀಳುವಾಗಲೂ ಮೆಣಸು ಸುದ್ದಿಯಲ್ಲಿತ್ತು. ಕ್ರಿ.ಶ. 408ರಲ್ಲಿ ನಗರವನ್ನು ಮುತ್ತಿದ ಗಾಥರ ದೊರೆ ಅಲಾರಿಕ್ ಬಿಡುಗಡೆಗೆ ಕೇಳಿದ್ದು 5,000 ಪೌಂಡು ಚಿನ್ನ, 30,000 ಪೌಂಡು ಬೆಳ್ಳಿ, ರೇಷ್ಮೆ ಅಂಗಿಗಳು, ಕೆಂಪು ತೊಗಲು, ಜೊತೆಗೆ 3,000 ಪೌಂಡು ಮೆಣಸು. ಅದೇ ಹೊತ್ತಿನಲ್ಲಿ ಬ್ರಿಟನ್ನಿನ ಯಾವುದೋ ಸಿರಿವಂತ ಮನೆತನ ತನ್ನ ಬೆಳ್ಳಿಬಂಗಾರವನ್ನು ನೆಲದಲ್ಲಿ ಹೂತಿಟ್ಟಿತು. 1992ರಲ್ಲಿ ಸಫೋಕಿನ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ, ಕಳೆದುಹೋದ ಸುತ್ತಿಗೆಯೊಂದನ್ನು ಲೋಹಶೋಧಕದಿಂದ ಹುಡುಕುತ್ತಿದ್ದವರಿಗೆ ಅದು ಸಿಕ್ಕಿತು. ಅದರಲ್ಲಿ ನಾಲ್ಕು ಮೆಣಸಿನ ಕರಂಡಗಳು. ಅವುಗಳಲ್ಲೊಂದು, ಗೇಣಿಗೂ ಚಿಕ್ಕದಾದ, ಹೆಂಗಸಿನ ಬೆಳ್ಳಿ ಪ್ರತಿಮೆ, ಜಡೆ ಹೆಣೆದು ಕಟ್ಟಿದ ತಲೆ, ಕೈಯಲ್ಲಿ ಸುರುಳಿ. ಬುಡದಲ್ಲಿ ತಿರುಗುವ ಬಿಲ್ಲೆ: ಒಂದು ಕಡೆ ತಿರುಗಿಸಿದರೆ ತುಂಬಲು, ಇನ್ನೊಂದು ಕಡೆ ಉದುರಿಸಲು, ಮತ್ತೊಂದು ಕಡೆ ಮುಚ್ಚಲು. ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಜರ್ಮನ್ ಬುಡಕಟ್ಟುಗಳು ಈ ಪದವನ್ನು ಲ್ಯಾಟಿನ್ನಿನಿಂದ ಬಹಳ ಬೇಗ ಎತ್ತಿಕೊಂಡಿದ್ದವು. ಎಷ್ಟು ಬೇಗ ಎನ್ನುವುದು ಪದದ ಮೈಮೇಲೇ ಬರೆದಿದೆ. ಜರ್ಮನಿಯ ಮೇಲ್ನಾಡಿನಲ್ಲಿ ಪಕಾರಗಳೆಲ್ಲ ಬದಲಾದಾಗ ಇದೂ ಬದಲಾಗಿ ಫೆಫರ್ ಆಯಿತು, ಅಂದರೆ ಆ ಬದಲಾವಣೆಗೆ ಮುಂಚೆಯೇ ಅದು ಮನೆಮಾತಾಗಿತ್ತು. ಕಡಲು ದಾಟಿ ಬ್ರಿಟನ್ನಿಗೆ ಹೋದವರ ಬಾಯಲ್ಲಿ ಪ ಹಾಗೇ ಉಳಿದು ಪಿಪೊರ್, ಮುಂದೆ ಪೆಪ್ಪರ್. 735ರಲ್ಲಿ ಜಾರೋ ಮಠದ ಸನ್ಯಾಸಿ, ಇತಿಹಾಸಕಾರ ಬೀಡ್ ಸಾಯುವ ಮುಂಚೆ ತನ್ನ ಪೆಟ್ಟಿಗೆ ತರಿಸಿ, ಅದರಲ್ಲಿದ್ದ ಬೆಲೆಬಾಳುವ ವಸ್ತುಗಳನ್ನು ಸಹವಾಸಿಗಳಿಗೆ ಹಂಚಿದನೆಂದು ಅವನ ಶಿಷ್ಯನ ಪತ್ರ ಹೇಳುತ್ತದೆ. ಮೆಣಸು, ಕೆಲವು ವಸ್ತ್ರ, ಧೂಪ. ಇಡೀ ಬಾಳಿನಲ್ಲಿ ಒಬ್ಬ ಸನ್ಯಾಸಿ ತನ್ನದೆಂದು ಇಟ್ಟುಕೊಂಡದ್ದು ಅಷ್ಟು. ಅದರಲ್ಲಿ ನಮ್ಮ ಕಡೆಯ ಕಾಳೂ ಇತ್ತೆಂಬುದನ್ನು ನಾನು ಸುಲಭಕ್ಕೆ ಮರೆಯಲಾರೆ.

ಸಾವಿರದ ಇಸವಿಯ ಸುಮಾರಿನ ಲಂಡನ್ ಸುಂಕದ ಕಟ್ಟಳೆಯಲ್ಲಿ ಜರ್ಮನ್ ವರ್ತಕರು ಕ್ರಿಸ್ಮಸ್ಸಿಗೂ ಈಸ್ಟರಿಗೂ ಬಟ್ಟೆ, ಕೈಗವಸು, ವಿನಿಗರ್ ಜೊತೆ ಹತ್ತು ಪೌಂಡು ಮೆಣಸು ಕೊಡಬೇಕೆಂದಿದೆ. 1180ರ ಹೊತ್ತಿಗೆ ಅಲ್ಲಿ ಮೆಣಸಿನ ವರ್ತಕರ ಸಂಘವೇ ಇತ್ತು, ಪೆಪ್ಪರರ್ಸ್ ಎಂದು. ದೊರೆಯ ಅಪ್ಪಣೆಯಿಲ್ಲದೆ ಸಂಘ ಕಟ್ಟಿದ್ದಕ್ಕೆ ದಂಡವೂ ಬಿತ್ತು. ಹದಿನಾಲ್ಕನೇ ಶತಮಾನದಲ್ಲಿ ಅವರೇ ಗ್ರೋಸರ್ಸ್ ಆದರು. ಅದು ಇಡಿಯಾಗಿ, ಸಗಟಾಗಿ ಮಾರುವವರು ಎಂಬರ್ಥದ ಹೆಸರು. ಲ್ಯಾಟಿನ್ನಿನ ಗ್ರೊಸ್ಸುಸ್, ದಪ್ಪ ಎಂಬುದರಿಂದ ಬಂದದ್ದು. ನಮ್ಮ ಬೀದಿಯ ಕಿರಾಣಿ ಅಂಗಡಿಗಳ ಬೋರ್ಡಿನ ಮೇಲೆ ಗ್ರೋಸರಿ ಎಂದಿರುತ್ತದಲ್ಲ, ಅದರ ಹಿಂದೆ ಇರುವವರು ಈ ಮೆಣಸಿನ ವರ್ತಕರು.

ಸ್ಪೇನ್ ಮತ್ತು ಪೋರ್ಚುಗಲ್ಲಿನವರು ಬೇರೆ ದಾರಿ ಹಿಡಿದರು. ಬಣ್ಣಕ್ಕೆ ಲ್ಯಾಟಿನ್ನಿನಲ್ಲಿದ್ದ ಪಿಗ್ಮೆಂಟುಮ್ ಎಂಬ ಪದ ಬರಬರುತ್ತ ಮದ್ದು, ಸಾಂಬಾರ ಪದಾರ್ಥ ಎಂದಾಗಿತ್ತು. ಅದರಿಂದ ಅವರ ಪಿಮೆಂತ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಪಿಮೆಂತದ ರಾಣಿ ಎಂದು ಕರೆದದ್ದು ಈ ಪದದಿಂದಲೇ. ಹದಿನಾರನೇ ಶತಮಾನದ ಉತ್ತರಾರ್ಧದಲ್ಲಿ ಶರಾವತಿಯ ಕಣಿವೆಯ ಮೆಣಸು ಹೊನ್ನಾವರ, ಭಟ್ಕಳದ ರೇವಿಗೆ ಇಳಿಯುತ್ತಿದ್ದುದು ಅವಳ ಸೀಮೆಯಿಂದ. ಕಾಳುಮೆಣಸಿನ ರಾಣಿ ಎಂಬ ಬಿರುದಿನಿಂದ ಇಂದಿಗೂ ಅವಳನ್ನು ನೆನೆಯುತ್ತೇವೆ.

ಅಷ್ಟರಲ್ಲಿ ಹೆಸರು ಮತ್ತೊಮ್ಮೆ ಕೈಬದಲಾಗಿತ್ತು. ಮೆಣಸು ಹುಡುಕಿ ಹೊರಟ ಕೊಲಂಬಸ್ 1493ರ ಜನವರಿಯಲ್ಲಿ ಕೆರಿಬಿಯನ್ ದ್ವೀಪವೊಂದರಲ್ಲಿ ಅಲ್ಲಿಯವರು ಆಹಿ ಎನ್ನುವ ಖಾರದ ಕಾಯಿ ಕಂಡು, ಇದು ಅವರ ಮೆಣಸು, ನಮ್ಮದಕ್ಕಿಂತ ಉತ್ತಮ ಎಂದು ಬರೆದುಕೊಂಡ. ಅದು ನಮ್ಮ ಮೆಣಸಿನಕಾಯಿ. ಬಳ್ಳಿಯಲ್ಲ, ಗಿಡ, ಮೆಣಸಿನ ಕುಲಕ್ಕೂ ಅದಕ್ಕೂ ನಂಟಿಲ್ಲ. ಆದರೂ ಸ್ಪೇನಿನಲ್ಲಿ ಪಿಮಿಯೆಂತೊ, ಇಂಗ್ಲಿಷಿನಲ್ಲಿ ರೆಡ್ ಪೆಪ್ಪರ್, ಬೆಲ್ ಪೆಪ್ಪರ್. 1542ರಲ್ಲಿ ಜರ್ಮನಿಯ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಅದರ ಚಿತ್ರ ಬರೆಸಿ ಕಲ್ಲಿಕೋಟೆ ಮೆಣಸು ಎಂದೇ ಹೆಸರಿಟ್ಟ.

ಪೋರ್ಚುಗೀಸರ ಹಡಗಿನಲ್ಲಿ ಆ ಕಾಯಿ ನಮ್ಮ ದಡಕ್ಕೆ ಬಂದಾಗ ನಾವು ಮಾಡಿದ್ದೂ ಅದನ್ನೇ. ಮೆಣಸಿನಂತೆ ಖಾರ, ಆದರೆ ಕಾಯಿ, ಹಾಗಾಗಿ ಮೆಣಸಿನಕಾಯಿ. ಕರಾವಳಿಯಲ್ಲಂತೂ ಹೊಸಬ ಹಳಬನ ಹೆಸರನ್ನೇ ಪೂರ್ತಿ ಕಿತ್ತುಕೊಂಡ. ದಕ್ಷಿಣ ಕನ್ನಡದ ಗಿರಾಕಿಗಳು ಬರೀ ಮೆಣಸು ಎಂದರೆ ಒಣಮೆಣಸಿನಕಾಯಿ ಎಂದರ್ಥ. ಕಾಳು ಬೇಕಿದ್ದರೆ ಒಳ್ಳೆಮೆಣಸು ಎನ್ನುತ್ತಾರೆ, ತುಳುವಿನಲ್ಲಿ ಎಡ್ಡೆಮುಂಚಿ. ಮೂಲದವನಿಗೆ ವಿಶೇಷಣ ಹಚ್ಚಿ ಗುರುತಿಸುವ ಪಾಡು. ಇಂಗ್ಲಿಷಿನಲ್ಲಿ ಹಿಪ್ಪಲಿಗೂ ಇದೇ ಪಾಡು ಬಂದಿದೆ. ಪೆಪ್ಪರ್ ಎಂಬ ಹೆಸರನ್ನು ಕೊಟ್ಟದ್ದು ತಾನು, ಈಗ ಅದು ಲಾಂಗ್ ಪೆಪ್ಪರ್. ಯೂರೋಪಿನ ಅಡುಗೆಮನೆಗಳಿಂದ ಅದು ಕ್ರಮೇಣ ಮರೆಯಾಗಿಯೂ ಹೋಯಿತು.

ಹೆಸರು ಗಿಡದ ಹಿಂದೆ ಹೋಗದೆ ಖಾರದ ಹಿಂದೆ ಹೋಯಿತು. ಇದು ಅಜ್ಞಾನವೆಂದು ನನಗೆ ಅನ್ನಿಸುವುದಿಲ್ಲ, ನಾಲಗೆ ಸರಿಯಾಗಿಯೇ ಹೇಳಿತ್ತು. 1819ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಮೆಣಸಿನ ಖಾರದ ಸಾರವನ್ನು ಬೇರ್ಪಡಿಸಿದ. ಪಿಪೆರಿನ್ ಎಂದು ಅದರ ಹೆಸರು, ಅದೇ ಹಿಪ್ಪಲಿಯಲ್ಲೂ ಇದೆ. ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್ ಎಂಬ ಬೇರೆ ವಸ್ತು. ಆದರೆ ಸುಡುವ ಬಿಸಿಯನ್ನು ಮೈಗೆ ತಿಳಿಸುವ ಟಿಆರ್‌ಪಿವಿ-1 ಎಂಬ ನರದ ಗ್ರಾಹಕವನ್ನು ಅವೆರಡೂ ಎಬ್ಬಿಸುತ್ತವೆ. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು.

ಹಿಪ್ಪಲಿ ಕೇಳಿ ಬರುವವರು ಈಗಲೂ ಮದ್ದಿಗೆಂದೇ ಒಯ್ಯುತ್ತಾರೆ. ಅವರಿಗೆಲ್ಲ ನಾನು ಇನ್ನೊಂದು ಮಾತು ಹೇಳುತ್ತೇನೆ. ಮಳೆಗಾಲದಲ್ಲಿ ಒಂದು ದಿನ ಸಾರಿಗೆ ಮೆಣಸಿನ ಬದಲು ಇದನ್ನು ಹಾಕಿ ನೋಡಿ. ನಾಲ್ಕು ಜನಕ್ಕೆ ಎರಡು ಹಿಪ್ಪಲಿ ಸಾಕು. ಒಂದು ಚಮಚ ಜೀರಿಗೆಯ ಜೊತೆ ತುಪ್ಪದಲ್ಲಿ ಹುರಿದು, ಒರಳಲ್ಲಿ ತರಿತರಿಯಾಗಿ ಕುಟ್ಟಿ, ತೊಗರಿಬೇಳೆಯ ಕಟ್ಟಿಗೆ ಹಾಕಿ. ಹುಣಸೆರಸ ಕಡಿಮೆ ಇರಲಿ, ಬೆಲ್ಲ ಒಂದು ಚೂರು. ಕುದಿ ಬಂದ ಮೇಲೆ ಕರಿಬೇವಿನ ಒಗ್ಗರಣೆ ಕೊಟ್ಟು, ಬಿಸಿ ಇರುವಾಗಲೇ ಬಡಿಸಿ.